ನನ್ನ ಬೆನ್ನು ನೋಡಿ

2008ರ ಆಗಸ್ಟ್ 21ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್‌ನ ಕಂಚಿನ ಪದಕಕ್ಕಾಗಿ ಜಪಾನ್ ತಂಡವು ಜರ್ಮನಿಯನ್ನು ಎದುರಿಸಬೇಕಿತ್ತು. ಹಿಂದಿನ ಪಂದ್ಯದಲ್ಲಿ ಅಮೆರಿಕಕ್ಕೆ ನಾಲ್ಕು ಗೋಲು ಬಿಟ್ಟುಕೊಟ್ಟು ಸೋತು ಬಂದಿದ್ದ ತಂಡ ಅದು. ಕಿರಿಯ ಆಟಗಾರ್ತಿಯರನ್ನು ಉದ್ದೇಶಿಸಿ, ಮೂವತ್ತಕ್ಕೆ ಕೆಲವೇ ದಿನಗಳು ಬಾಕಿಯಿದ್ದ ಹೊಮಾರೆ ಸಾವಾ ಒಂದು ಮಾತು ಹೇಳಿದರು: "ಕಷ್ಟವೆನಿಸಿದಾಗ ನನ್ನ ಬೆನ್ನು ನೋಡಿ." ಅಂದು ಜಪಾನ್ 0–2ರಿಂದ ಸೋತಿತು, ಪದಕವೂ ಕೈತಪ್ಪಿತು. ಆದರೂ ಆ ಮಾತು ಉಳಿಯಿತು. ಅದನ್ನು ಕೇಳಿಸಿಕೊಂಡವರಲ್ಲಿ ಒಬ್ಬರಾದ ಆಯಾ ಮಿಯಾಮಾ, ದಣಿವಿನ ಕೊನೆಯ ಕ್ಷಣದವರೆಗೂ ತಾವು ಆ ಬೆನ್ನನ್ನು ನೋಡುತ್ತಲೇ ಓಡಿದ್ದನ್ನು ಮುಂದೆ ನೆನಪಿಸಿಕೊಂಡರು.

ಈ ಮಾತನ್ನು ಮೊದಲ ಬಾರಿಗೆ ಓದಿದಾಗ ನನ್ನೊಳಗಿನ ಕನ್ನಡ ಸ್ವಲ್ಪ ತಡವರಿಸಿತು. ನಮ್ಮ ಭಾಷೆಯಲ್ಲಿ ಬೆನ್ನು ತೋರಿಸುವುದೆಂದರೆ ಕಾಳಗದಿಂದ ಓಡಿಹೋಗುವುದು. ಬೆನ್ನು ತಟ್ಟುವುದು, ಬೆನ್ನಿಗೆ ನಿಲ್ಲುವುದು, ಬೆನ್ನು ಹತ್ತುವುದು, ಹೀಗೆ ಬೆನ್ನಿನ ಮೇಲೆ ಕಟ್ಟಿದ ಒಳ್ಳೆಯ ಕೆಟ್ಟ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆಯಾದರೂ, ಧೈರ್ಯ ಬೇಕಾದವರು ಇನ್ನೊಬ್ಬರ ಬೆನ್ನು ನೋಡಬೇಕೆಂಬ ಅರ್ಥದ ಮಾತು ನನಗೆ ತಕ್ಷಣ ನೆನಪಾಗಲಿಲ್ಲ. ಜಪಾನಿನಲ್ಲಿ ಮಕ್ಕಳು ತಂದೆತಾಯಿಯ ಬೆನ್ನು ನೋಡಿ ಬೆಳೆಯುತ್ತಾರೆಂಬ ನುಡಿಯಿದೆ. ಹಿರಿಯರು ಎದುರಿಗೆ ಕುಳಿತು ಬೋಧಿಸುವುದಕ್ಕಿಂತ, ತಮ್ಮ ಪಾಡಿಗೆ ತಾವು ದುಡಿಯುತ್ತಿರುವಾಗ ಹಿಂದಿನಿಂದ ಕಾಣುವ ರೂಪವೇ ಮಕ್ಕಳಿಗೆ ಪಾಠವಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಸಾವಾ ಹೇಳಿದ್ದು ಆ ನಂಬಿಕೆಯೊಳಗಿನ ಮಾತು. ಆದರೆ ಅದನ್ನು ಹೇಳುವ ಅರ್ಹತೆ ಅವರಿಗೆ ಹೇಗೆ ಬಂತೆಂದು ತಿಳಿಯಬೇಕಾದರೆ, ಅಲ್ಲಿಗೆ ತಲುಪಲು ಅವರು ಹಿಡಿದ ಹದಿನೇಳು ವರ್ಷಗಳ ಹಾದಿಯನ್ನು ನೋಡಬೇಕು. ಆ ಹಾದಿಯ ಬಹುಪಾಲಿನಲ್ಲಿ ಅವರ ಕಣ್ಣ ಮುಂದೆ ಯಾರ ಬೆನ್ನೂ ಇರಲಿಲ್ಲ.

ಹೊಮಾರೆ ಸಾವಾ ಹುಟ್ಟಿದ್ದು 1978ರ ಸೆಪ್ಟೆಂಬರ್ 6ರಂದು, ಟೋಕಿಯೊದ ಫುಚೂ ನಗರದಲ್ಲಿ. ಅವರ ಹೆಸರನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದಕ್ಕೆ ತೆನೆ ಎಂದರ್ಥ, ಇನ್ನೊಂದಕ್ಕೆ ಆಸೆ, ಭರವಸೆ ಎಂದರ್ಥ. ಕಿವಿಗೆ ಬೀಳುವ ಆ ಹೆಸರಿಗೆ ಕೀರ್ತಿ ಎಂಬ ಅರ್ಥವೂ ಇದೆ. ಅಣ್ಣ ಆಡುತ್ತಿದ್ದ ಊರಿನ ಹುಡುಗರ ತಂಡದ ಅಭ್ಯಾಸ ನೋಡಲು ಹೋದ ಪುಟ್ಟ ಹುಡುಗಿ, ತಾನೂ ಚೆಂಡು ಒದೆದು, ಅದೇ ತಂಡಕ್ಕೆ ಸೇರಿಕೊಂಡಳು. ಹುಡುಗಿಯರಿಗೆಂದು ಬೇರೆ ತಂಡಗಳು ವಿರಳವಾಗಿದ್ದ ಕಾಲವದು. ಹುಡುಗರ ನಡುವೆ ಒಬ್ಬಳೇ ಆಡುತ್ತ ಬೆಳೆದ ಆಕೆ, ಹನ್ನೆರಡನೆಯ ವಯಸ್ಸಿನಲ್ಲಿ, 1991ರಲ್ಲಿ, ಯೋಮಿಯುರಿ ಬೆಲೆಜಾ ಎಂಬ ಕ್ಲಬ್‌ನ ಪರವಾಗಿ ದೇಶದ ಅತ್ಯುನ್ನತ ಮಹಿಳಾ ಲೀಗ್‌ನಲ್ಲಿ ಮೈದಾನಕ್ಕಿಳಿದಳು. ಎರಡು ವರ್ಷಗಳ ನಂತರ, 1993ರ ಡಿಸೆಂಬರ್‌ನಲ್ಲಿ, ಮಲೇಷ್ಯಾದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ದೇಶದ ಪರ ಮೊದಲ ಪಂದ್ಯವಾಡಿದಾಗ ಆಕೆಗೆ ಹದಿನೈದು ವರ್ಷ. ಆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದಳು.

ಇಷ್ಟು ಕೇಳಿದರೆ ಅದೃಷ್ಟದ ಕಥೆಯಂತೆ ತೋರುತ್ತದೆ, ಆದರೆ ಅವರ ಬದುಕಿನಲ್ಲಿ ಸಲೀಸಾದ ಭಾಗ ಅಲ್ಲಿಗೇ ಮುಗಿಯಿತು. ಜಪಾನಿನ ಮಹಿಳಾ ಲೀಗ್ 1989ರಲ್ಲಿ ಆರಂಭವಾದಾಗ ದೇಶದಲ್ಲಿ ಹಣ ಹರಿದಾಡುತ್ತಿತ್ತು, ದೊಡ್ಡ ಕಂಪನಿಗಳು ತಂಡಗಳನ್ನು ಸಾಕುತ್ತಿದ್ದವು, ಹೊರದೇಶಗಳ ಹೆಸರಾಂತ ಆಟಗಾರ್ತಿಯರೂ ಅಲ್ಲಿಗೆ ಬಂದು ಆಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಆರ್ಥಿಕತೆ ಕುಸಿದಾಗ ಕಂಪನಿಗಳು ಮೊದಲು ಕೈಬಿಟ್ಟ ಖರ್ಚುಗಳಲ್ಲಿ ಮಹಿಳಾ ತಂಡಗಳೂ ಸೇರಿದ್ದವು. ಲೀಗ್ ಗೆಲ್ಲುತ್ತಿದ್ದ ನಿಕ್ಕೋ ಸೆಕ್ಯುರಿಟೀಸ್‌ನಂಥ ತಂಡವೇ 1998ರಲ್ಲಿ ವಿಸರ್ಜನೆಯಾಯಿತು. ಉಳಿದ ಕೆಲವು ಅದರ ಹಿಂದೆಯೇ ಹೋದವು. 1999ರ ವಿಶ್ವಕಪ್‌ನಲ್ಲಿ ಜಪಾನ್ ಒಂದೂ ಪಂದ್ಯ ಗೆಲ್ಲದೆ ಹಿಂದಿರುಗಿತು. ಸಿಡ್ನಿ ಒಲಿಂಪಿಕ್ಸ್‌ಗೆ ಆ ವಿಶ್ವಕಪ್‌ನ ಫಲಿತಾಂಶವೇ ಅರ್ಹತೆಯ ಅಳತೆಯಾಗಿತ್ತಾದ್ದರಿಂದ ಅದೂ ತಪ್ಪಿಹೋಯಿತು. ಒಲಿಂಪಿಕ್ಸ್‌ನಲ್ಲಿ ಕಾಣಿಸದ ತಂಡಕ್ಕೆ ದುಡ್ಡು ಹಾಕುವವರು ಯಾರು?

ಆ ವರ್ಷವೇ ಸಾವಾ ಓದುತ್ತಿದ್ದ ವಿಶ್ವವಿದ್ಯಾಲಯವನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಮೊದಲು ಡೆನ್ವರ್‌ನ ಒಂದು ತಂಡ, ಆಮೇಲೆ 2001ರಲ್ಲಿ ಆರಂಭವಾದ ವೃತ್ತಿಪರ ಲೀಗ್‌ನಲ್ಲಿ ಅಟ್ಲಾಂಟಾ ಬೀಟ್. ಮೂರು ವರ್ಷಗಳಲ್ಲಿ ಎರಡು ಸಲ ಆ ತಂಡ ಫೈನಲ್ ತಲುಪಿತು, ಎರಡೂ ಸಲ ಸೋತಿತು. 2003ರ ಸೆಪ್ಟೆಂಬರ್‌ನಲ್ಲಿ, ವಿಶ್ವಕಪ್‌ಗೆ ಇನ್ನು ಕೆಲವೇ ದಿನಗಳಿರುವಾಗ, ಹಣವಿಲ್ಲವೆಂದು ಆ ಲೀಗೇ ಮುಚ್ಚಿಹೋಯಿತು. ಜಪಾನಿಗೆ ಮರಳಿ ಹಳೆಯ ಬೆಲೆಜಾ ತಂಡದಲ್ಲಿ ಆಡಿದ ಅವರು 2009ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ವಾಷಿಂಗ್ಟನ್ ಫ್ರೀಡಂ ಸೇರಿದರು. ಹೊಸದಾಗಿ ಹುಟ್ಟಿದ್ದ ಆ ಎರಡನೆಯ ಲೀಗ್ ಕೂಡ ಮೂರೇ ಋತುಗಳಲ್ಲಿ ಮುಗಿಯಿತು. ಸಾವಾ ಅವರ ಬಗ್ಗೆ ಬರೆಯುವವರು ಪದಕಗಳನ್ನು ಎಣಿಸುವಾಗ, ಅವರ ಸುತ್ತ ಮುಚ್ಚಿಹೋದ ಇಷ್ಟೊಂದು ಬಾಗಿಲುಗಳನ್ನೂ ಎಣಿಸಬೇಕೆಂದು ನನಗೆ ಅನಿಸುತ್ತದೆ. ಪ್ರತಿಭೆಯುಳ್ಳ ಆಟಗಾರ್ತಿಯರು ಎಲ್ಲ ಕಾಲದಲ್ಲೂ ಇದ್ದರು. ಆಡುವ ಜಾಗವೇ ಮತ್ತೆ ಮತ್ತೆ ಕಾಲಕೆಳಗಿಂದ ಜಾರಿಹೋಗುವಾಗಲೂ ಆಟ ಬಿಡದವರು ಕಡಿಮೆ.

ಈ ನಡುವೆ ಬಂದದ್ದು 2004ರ ಏಪ್ರಿಲ್ 24. ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಜಪಾನ್ ಅಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಉತ್ತರ ಕೊರಿಯಾವನ್ನು ಸೋಲಿಸಲೇಬೇಕಿತ್ತು. ಆ ತಂಡವೋ ವರ್ಷಗಳಿಂದ ಜಪಾನಿಗೆ ಸೋತೇ ಇರಲಿಲ್ಲ. ಸಾವಾ ಅವರ ಮೊಣಕಾಲಿನೊಳಗಿನ ಮೆದು ಎಲುಬಿಗೆ ಪೆಟ್ಟಾಗಿತ್ತು. ನೋವು ತಡೆಯುವ ಚುಚ್ಚುಮದ್ದು ತೆಗೆದುಕೊಂಡು ಅವರು ಮೈದಾನಕ್ಕಿಳಿದರು. ಆಟ ಶುರುವಾದ ಕ್ಷಣಗಳಲ್ಲೇ, ಆ ಕಾಲಿನ ಚಿಂತೆಯೇ ಇಲ್ಲದವರಂತೆ ಎದುರಾಳಿಯ ಮೇಲೆ ನುಗ್ಗಿ ಚೆಂಡು ಕಿತ್ತುಕೊಂಡದ್ದನ್ನು ನೋಡಿ ಉಳಿದವರ ಅಳುಕು ಹೋಯಿತು. ಜಪಾನ್ 3–0ರಿಂದ ಗೆದ್ದಿತು. ಮೂವತ್ತೊಂದು ಸಾವಿರಕ್ಕೂ ಹೆಚ್ಚು ಜನ ನೋಡಲು ಬಂದಿದ್ದರು. ಮಹಿಳೆಯರ ಫುಟ್‌ಬಾಲ್‌ಗೆ ಅಷ್ಟು ಜನ ಸೇರುವುದು ಆ ದೇಶದಲ್ಲಿ ಅಲ್ಲಿಯವರೆಗೆ ಊಹೆಗೂ ಮೀರಿದ ಸಂಗತಿಯಾಗಿತ್ತು. ಅದೇ ವರ್ಷ ಸಾರ್ವಜನಿಕರಿಂದ ಸಲಹೆ ಪಡೆದು ತಂಡಕ್ಕೆ "ನಾದೆಶಿಕೋ ಜಪಾನ್" ಎಂಬ ಹೆಸರಿಟ್ಟರು. ನಾದೆಶಿಕೋ ಎಂದರೆ ಅಂಚು ಹರಿಹರಿಯಾಗಿರುವ ತಿಳಿಗುಲಾಬಿ ಬಣ್ಣದ ಒಂದು ಕಾಡುಹೂವು. ವಿನಯವಂತೆಯೂ ಸಹನಶೀಲೆಯೂ ಆದ ಆದರ್ಶ ಹೆಣ್ಣನ್ನು ಹಿಂದಿನಿಂದಲೂ ಜಪಾನೀಯರು ಆ ಹೂವಿನ ಹೆಸರಿನಿಂದ ಕರೆಯುತ್ತ ಬಂದಿದ್ದಾರೆ. ಮನೆಯೊಳಗಿನ ಹೆಣ್ಣಿಗೆ ಮೀಸಲಾಗಿದ್ದ ಆ ಪದಕ್ಕೆ ಬೂಟು ತೊಟ್ಟ, ಮಂಡಿ ತರಚಿದ, ಕೆಸರಾದ ಹೆಣ್ಣಿನ ಅರ್ಥ ಬಂದದ್ದು ಈ ತಂಡದಿಂದಲೇ.

ಆಟಗಾರ್ತಿಯಾಗಿ ಸಾವಾ ಅವರಲ್ಲಾದ ದೊಡ್ಡ ಬದಲಾವಣೆ 2008ರಲ್ಲಿ, ನೊರಿಯೋ ಸಸಾಕಿ ಕೋಚ್ ಆಗಿ ಬಂದ ಮೇಲೆ ಆಯಿತು. ಅಲ್ಲಿಯವರೆಗೆ ಎದುರಾಳಿಯ ಗೋಲಿನ ಸಮೀಪ ಆಡುತ್ತಿದ್ದ ಅವರನ್ನು ಸಸಾಕಿ ಹಿಂದಕ್ಕೆ ಕರೆದು, ರಕ್ಷಣಾ ಸಾಲಿನ ಮುಂದೆ ನಿಲ್ಲುವ ಮಿಡ್‌ಫೀಲ್ಡರ್ ಮಾಡಿದರು. ಗೋಲು ಹೊಡೆಯುವವರಿಗೆ ಇದು ಹಿಂಬಡ್ತಿಯಂತೆ ಕಾಣಬಹುದು. ಆದರೆ ಸಾವಾ ಅವರಲ್ಲಿದ್ದ ಬಹುದೊಡ್ಡ ಗುಣ ಮುಂದೇನಾಗುವುದೆಂದು ಮೊದಲೇ ಓದುವ ಶಕ್ತಿ. ಎದುರಾಳಿ ಪಾಸ್ ಕೊಡುವ ಮೊದಲೇ ಅದು ತಲುಪಬೇಕಾದ ಜಾಗದಲ್ಲಿ ಅವರು ಇರುತ್ತಿದ್ದರು. ಎತ್ತರ ಐದೂವರೆ ಅಡಿಗಿಂತ ಹೆಚ್ಚಿರಲಿಲ್ಲ. ವೇಗದಲ್ಲಿಯೂ ಅವರನ್ನು ಮೀರಿಸುವವರಿದ್ದರು. ಕಣ್ಣು ಮತ್ತು ಕಾಲಿನ ನಡುವೆ ತಡವೇ ಇಲ್ಲದಿರುವುದು ಅವರ ಬಂಡವಾಳವಾಗಿತ್ತು. ಹಿಂದಿನ ಸಾಲಿನಲ್ಲಿ ನಿಂತದ್ದರಿಂದ ಇಡೀ ಆಟ ಅವರ ಕಣ್ಣ ಮುಂದೆ ಬಂತು; ಅವಕಾಶ ಕಂಡಾಗ ಯಾರ ಗಮನಕ್ಕೂ ಬಾರದೆ ಮುಂದೆ ಓಡಿ ಗೋಲು ಹೊಡೆದು ಮರಳುವುದೂ ಸಾಧ್ಯವಾಯಿತು. ಆ ಓಟದ ಬೆಲೆ ಜಗತ್ತಿಗೆ ತಿಳಿದದ್ದು ಮೂರು ವರ್ಷಗಳ ನಂತರ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನನ್ನು ಭೂಕಂಪ ಮತ್ತು ಸುನಾಮಿ ನುಂಗಿದವು. ಹದಿನೈದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಪತ್ತೆಯೇ ಆಗಲಿಲ್ಲ, ಫುಕುಶಿಮಾದ ಅಣುಸ್ಥಾವರ ಸಿಡಿಯಿತು. ಆ ಸ್ಥಾವರವನ್ನು ನಡೆಸುತ್ತಿದ್ದ ವಿದ್ಯುತ್ ಕಂಪನಿಗೇ ಒಂದು ಮಹಿಳಾ ಫುಟ್‌ಬಾಲ್ ತಂಡವಿತ್ತೆಂಬುದು, ಅದರ ಆಟಗಾರ್ತಿಯರಲ್ಲಿ ಕೆಲವರು ಹಗಲು ಸ್ಥಾವರದಲ್ಲಿ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿರಲಾರದು. ಆಯಾ ಸಮೇಶಿಮಾ, ಕರೀನಾ ಮರುಯಾಮಾ ಇಬ್ಬರೂ ಹಾಗೆ ದುಡಿದವರು. ತಂಡ ನಿಂತುಹೋಯಿತು. ಅಭ್ಯಾಸ ಮಾಡುತ್ತಿದ್ದ ಜೆ-ವಿಲೇಜ್ ಎಂಬ ಕ್ರೀಡಾಕೇಂದ್ರ ಅಣು ದುರಂತವನ್ನು ಎದುರಿಸುವವರ ನೆಲೆಯಾಯಿತು. ಆ ಬೇಸಿಗೆಯಲ್ಲಿ ಜರ್ಮನಿಯ ವಿಶ್ವಕಪ್‌ಗೆ ಹೊರಟ ತಂಡದಲ್ಲಿ ಪೂರ್ಣ ವೇತನದ ಮೇಲೆ ಆಟವನ್ನೇ ನಂಬಿ ಬದುಕುವವರು ಕಡಿಮೆ. ಸಾವಾ ಆಗಷ್ಟೇ ಕೊಬೆ ನಗರದ ಐನಾಕ್ ತಂಡ ಸೇರಿದ್ದರು.

ಗುಂಪಿನ ಹಂತದಲ್ಲಿ ಮೆಕ್ಸಿಕೊ ವಿರುದ್ಧ ಸಾವಾ ಹ್ಯಾಟ್ರಿಕ್ ಹೊಡೆದರು, ಇಂಗ್ಲೆಂಡ್ ಎದುರು ತಂಡ ಸೋತಿತು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಹಿಂದಿನ ಎರಡು ವಿಶ್ವಕಪ್‌ಗಳನ್ನೂ ಗೆದ್ದಿದ್ದ, ತನ್ನ ನೆಲದಲ್ಲೇ ಆಡುತ್ತಿದ್ದ ಜರ್ಮನಿ. ಪಂದ್ಯಕ್ಕೆ ಮುನ್ನ ಸಸಾಕಿ ಆಟದ ತಂತ್ರದ ಮಾತಿಗೆ ಜೊತೆಯಾಗಿ ಸುನಾಮಿಯಲ್ಲಿ ಕೊಚ್ಚಿಹೋದ ಊರುಗಳ ಚಿತ್ರಗಳನ್ನು ಆಟಗಾರ್ತಿಯರಿಗೆ ತೋರಿಸಿದರು. ಆಟ ಹೆಚ್ಚುವರಿ ಅವಧಿಗೆ ಹೋಯಿತು. 108ನೆಯ ನಿಮಿಷದಲ್ಲಿ ಸಾವಾ ಚೆಂಡನ್ನು ರಕ್ಷಕಿಯರ ಹಿಂದಿನ ಖಾಲಿ ಜಾಗಕ್ಕೆ ತಳ್ಳಿದರು. ಅದನ್ನು ಬೆನ್ನಟ್ಟಿ ಓಡಿ ಗೋಲಿನ ದೂರದ ಮೂಲೆಗೆ ಕಳಿಸಿದವರು ಫುಕುಶಿಮಾದ ಸ್ಥಾವರದಲ್ಲಿ ಹಿಂದೆ ದುಡಿದಿದ್ದ ಮರುಯಾಮಾ. ಕಾಕತಾಳೀಯವೆಂದು ಬುದ್ಧಿ ಹೇಳುತ್ತದೆ. ಆದರೆ ಈ ಗೋಲನ್ನು ನಾನು ಎಂದೂ ಬರಿಯ ಗೋಲೆಂದು ನೋಡಲಾರೆ.

ಸೆಮಿಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಮೊದಲ ಗೋಲು ಬಿಟ್ಟುಕೊಟ್ಟದ್ದು ಸಾವಾ ಅವರದೇ ತಪ್ಪು ಪಾಸಿನಿಂದ. ನಂತರ ಜಪಾನನ್ನು ಮುನ್ನಡೆಗೆ ತಂದ ಗೋಲೂ ಅವರದೇ. ತಂಡ 3–1ರಿಂದ ಗೆದ್ದಿತು. ತಪ್ಪಾದ ಮೇಲೆ ತಲೆತಗ್ಗಿಸಿ ನಿಲ್ಲದೆ ಮುಂದಿನ ಚೆಂಡಿಗೆ ಓಡುವುದು ಹೇಗೆಂಬುದನ್ನು ಅಂದು ಅವರ ಹಿಂದೆ ಆಡುತ್ತಿದ್ದವರೆಲ್ಲ ನೋಡಿರಬೇಕು.

ಜುಲೈ 17ರ ಭಾನುವಾರ ಫ್ರಾಂಕ್‌ಫರ್ಟ್‌ನಲ್ಲಿ ಫೈನಲ್. ಎದುರಾಳಿ ಅಮೆರಿಕ, ಅದುವರೆಗೆ ಆಡಿದ್ದ 25 ಪಂದ್ಯಗಳಲ್ಲಿ ಜಪಾನ್ ಆ ತಂಡವನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಅಲೆಕ್ಸ್ ಮಾರ್ಗನ್ ಮೊದಲ ಗೋಲು ಹೊಡೆದರು, ಹತ್ತು ನಿಮಿಷ ಬಾಕಿಯಿರುವಾಗ ಮಿಯಾಮಾ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಅಬಿ ವಾಂಬಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ವಾಷಿಂಗ್ಟನ್‌ನಲ್ಲಿ ಸಾವಾ ಅವರ ಜೊತೆ ಆಡಿದ್ದ, ಗೆಳತಿಯೂ ಆಗಿದ್ದ ವಾಂಬಾಕ್ ಅವರು. ನಮ್ಮಲ್ಲಿ ಆಗ ಸೋಮವಾರದ ನಸುಕು, ಗಂಟೆ ಎರಡೂವರೆ ದಾಟಿತ್ತು. ಮನೆಯವರ ನಿದ್ದೆ ಕೆಡದಿರಲೆಂದು ಟಿವಿಯ ಧ್ವನಿ ತಗ್ಗಿಸಿ ಕುಳಿತಿದ್ದ ನನಗೆ, ಇಷ್ಟು ದೂರ ಬಂದದ್ದೇ ದೊಡ್ಡದು ಎಂಬ ಸಮಾಧಾನದ ಮಾತು ಮನಸ್ಸಿನಲ್ಲಿ ಸಿದ್ಧವಾಗತೊಡಗಿತ್ತು.

117ನೆಯ ನಿಮಿಷ. ಜಪಾನಿಗೆ ಕಾರ್ನರ್ ಕಿಕ್. ಮಿಯಾಮಾ ಒದೆದ ಚೆಂಡು ಹೆಚ್ಚು ಮೇಲೇರದೆ ಹತ್ತಿರದ ಕಂಬದ ಕಡೆಗೆ ಬಾಗಿ ಬಂತು. ಜನ ನೆರೆದಿದ್ದ ಗೋಲಿನ ಮುಂಭಾಗದಿಂದ ಸಾವಾ ಒಬ್ಬರೇ ಬಿಡಿಸಿಕೊಂಡು ಚೆಂಡಿಗೆ ಎದುರಾಗಿ ಓಡಿದರು. ಎಂದರೆ ಅವರು ಗೋಲಿನಿಂದ ದೂರಕ್ಕೆ ಓಡುತ್ತಿದ್ದರು. ಗೋಲು ಅವರ ಬೆನ್ನ ಹಿಂದಿತ್ತು. ಚೆಂಡು ಸೊಂಟದ ಎತ್ತರಕ್ಕೆ ಬಂದಾಗ ಅವರು ಮೇಲಕ್ಕೆ ಜಿಗಿದು, ಗಾಳಿಯಲ್ಲೇ ಬಲಗಾಲಿನ ಹೊರಬದಿಯಿಂದ ಅದನ್ನು ಸವರಿದರು. ಒದ್ದದ್ದಲ್ಲ, ಹೊಡೆದದ್ದಲ್ಲ, ದಿಕ್ಕು ಬದಲಿಸಿದ್ದು ಅಷ್ಟೇ. ಚೆಂಡು ಹಿಂದಕ್ಕೆ ತಿರುಗಿ ಬಲೆಯೊಳಗೆ ಹೋಯಿತು. ನಿಧಾನಗತಿಯಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ನನ್ನ ಕಣ್ಣು ಕಾಲಿನ ಮೇಲೆ ನಿಲ್ಲದೆ, ಗೋಲ್‌ಕೀಪರ್ ಹೋಪ್ ಸೋಲೊ ನಿಂತ ಜಾಗದಿಂದ ಕಾಣುತ್ತಿದ್ದಿರಬಹುದಾದ, ಹತ್ತು ಎಂಬ ಸಂಖ್ಯೆ ಬರೆದ ನೀಲಿ ಅಂಗಿಯ ಬೆನ್ನಿನ ಮೇಲೆ ಹೋಗಿ ನಿಲ್ಲುತ್ತದೆ.

ಪಂದ್ಯ ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಗೋಲಿನತ್ತ ನುಗ್ಗುತ್ತಿದ್ದ ಮಾರ್ಗನ್ ಅವರನ್ನು ಬೀಳಿಸಿ ತಡೆದ ಅಜುಸಾ ಇವಾಶಿಮಿಜು ರೆಡ್ ಕಾರ್ಡ್ ಪಡೆದು ಹೊರನಡೆದರು. ತನ್ನನ್ನು ಬಲಿಕೊಟ್ಟು ತಂಡವನ್ನು ಉಳಿಸಿದಂತಾಯಿತು. ಈ ಹೆಸರು ಮತ್ತೆ ಬರುತ್ತದೆ. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಅಯುಮಿ ಕೈಹೋರಿ ಎರಡು ಹೊಡೆತಗಳನ್ನು ತಡೆದರು, ಇಪ್ಪತ್ತರ ಹರೆಯದ ಸಾಕಿ ಕುಮಗಾಯ್ ಕೊನೆಯದನ್ನು ಒಳಗೆ ಸೇರಿಸಿದರು. ಎಲ್ಲರೂ ಓಡಿಬಂದು ಅಪ್ಪಿಕೊಳ್ಳುತ್ತಿರುವಾಗ ಮಿಯಾಮಾ ಮಾತ್ರ ಮೊದಲು ಸೋತವರ ಬಳಿಗೆ ನಡೆದುಹೋದರು. ಏಷ್ಯಾದ ತಂಡವೊಂದು ಹಿರಿಯರ ವಿಶ್ವಕಪ್ ಗೆದ್ದದ್ದು ಅದೇ ಮೊದಲು. ಐದು ಗೋಲು ಹೊಡೆದು ಅತಿ ಹೆಚ್ಚು ಗೋಲಿನ ಬಹುಮಾನವನ್ನೂ, ಶ್ರೇಷ್ಠ ಆಟಗಾರ್ತಿಯ ಬಹುಮಾನವನ್ನೂ ಪಡೆದ ಸಾವಾ ಆಗ ಮೂವತ್ತೆರಡು ವರ್ಷದವರು. ಮರುವರ್ಷದ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕಿಮೋನೊ ಉಟ್ಟು ವೇದಿಕೆಯೇರಿ, ಮಾರ್ತಾ ಮತ್ತು ವಾಂಬಾಕ್ ಅವರನ್ನು ಹಿಂದಿಕ್ಕಿ, ವಿಶ್ವದ ವರ್ಷದ ಆಟಗಾರ್ತಿ ಪ್ರಶಸ್ತಿ ಸ್ವೀಕರಿಸಿದರು.

ಇಷ್ಟಾದರೂ, 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೊರಟಾಗ ಒಂದೇ ವಿಮಾನದಲ್ಲಿ ಪುರುಷರ ತಂಡಕ್ಕೆ ಬಿಸಿನೆಸ್ ಕ್ಲಾಸ್, ವಿಶ್ವ ಚಾಂಪಿಯನ್ನರಾದ ಮಹಿಳೆಯರಿಗೆ ಅದಕ್ಕಿಂತ ಕೆಳದರ್ಜೆಯ ಆಸನ. ಇದು ತಿರುಗುಮುರುಗಾಗಬೇಕಿತ್ತಲ್ಲವೇ, ವಯಸ್ಸಿನಲ್ಲಾದರೂ ನಾವೇ ಹಿರಿಯರು ಎಂಬರ್ಥದಲ್ಲಿ ಸಾವಾ ಸುದ್ದಿಗಾರರಿಗೆ ಹೇಳಿದರು. ಮಾತು ಕಟುವಾಗಿರಲಿಲ್ಲ, ಆದರೆ ಜಗತ್ತಿನಾದ್ಯಂತ ಸುದ್ದಿಯಾಯಿತು. ಆ ವರ್ಷದ ಆರಂಭದಲ್ಲಿ ಅವರಿಗೆ ತಲೆಸುತ್ತಿನ ಕಾಯಿಲೆ ಕಾಡಿತ್ತು. ಒಳಗಿವಿಯ ತೊಂದರೆಯಿಂದ ಬರುವ ಈ ಕಾಯಿಲೆಯಲ್ಲಿ ತಲೆ ಹೊರಳಿಸಿದರೆ ಲೋಕವೇ ತಿರುಗುತ್ತದೆ; ಅತ್ತಿತ್ತ ನೋಡುವುದರಲ್ಲೇ ಆಟದ ಜೀವವಿರುವವರಿಗೆ ಇದಕ್ಕಿಂತ ಕ್ರೂರವಾದದ್ದನ್ನು ನಾನು ಊಹಿಸಲಾರೆ. ಚೇತರಿಸಿಕೊಂಡು ಲಂಡನ್‌ನಲ್ಲಿ ಆಡಿದರು. ವೆಂಬ್ಲಿಯಲ್ಲಿ ಎಂಬತ್ತು ಸಾವಿರ ಜನರ ಮುಂದೆ ಫೈನಲ್‌ನಲ್ಲಿ ಅಮೆರಿಕಕ್ಕೆ 1–2ರಿಂದ ಸೋತು ಬೆಳ್ಳಿ ಗೆದ್ದರು. ಮರಳುವಾಗ ಅವರಿಗೂ ಬಿಸಿನೆಸ್ ಕ್ಲಾಸ್ ಸಿಕ್ಕಿತು.

ನಾಯಕತ್ವ ಅಷ್ಟರಲ್ಲಿ ಮಿಯಾಮಾ ಅವರ ತೋಳಿಗೆ ಹೋಗಿತ್ತು. 2015ರ ಕೆನಡಾ ವಿಶ್ವಕಪ್ ಸಾವಾ ಅವರ ಆರನೆಯದು. ಬ್ರೆಜಿಲ್‌ನ ಫೊರ್ಮಿಗಾ ಅವರೊಂದಿಗೆ, ಆರು ವಿಶ್ವಕಪ್‌ಗಳಲ್ಲಿ ಆಡಿದ ಮೊದಲಿಗರಾದರು. ಆದರೆ ಈಗ ಅವರ ಜಾಗ ಹೆಚ್ಚಾಗಿ ಬೆಂಚಿನ ಮೇಲೆ. ವ್ಯಾಂಕೂವರ್‌ನ ಫೈನಲ್‌ನಲ್ಲಿ ಅಮೆರಿಕದ ಕಾರ್ಲಿ ಲಾಯ್ಡ್ ಹದಿನಾರು ನಿಮಿಷಗಳೊಳಗೆ ಮೂರು ಗೋಲು ಹೊಡೆದರು, ಜಪಾನ್ ನಾಲ್ಕು ಗೋಲು ಹಿಂದೆ ಬಿತ್ತು. 33ನೆಯ ನಿಮಿಷದಲ್ಲಿ ಸಸಾಕಿ ರಕ್ಷಣಾ ಸಾಲಿನಿಂದ ಇವಾಶಿಮಿಜು ಅವರನ್ನು ಹೊರಗೆ ಕರೆದು ಸಾವಾ ಅವರನ್ನು ಕಳಿಸಿದರು. ನಾಲ್ಕು ವರ್ಷ ಹಿಂದೆ ರೆಡ್ ಕಾರ್ಡ್ ಪಡೆದು ತಂಡವನ್ನು ಉಳಿಸಿದ್ದ ಅದೇ ಇವಾಶಿಮಿಜು, ಈಗ ಅಳುತ್ತ ಹೊರಬಂದರು. ಮೂವತ್ತಾರು ವರ್ಷದ ಸಾವಾ ಸೋತ ಪಂದ್ಯದೊಳಗೆ ಓಡಿಹೋದರು. 2–5ರಿಂದ ಮುಗಿದ ಆ ಪಂದ್ಯ ಅವರು ದೇಶಕ್ಕಾಗಿ ಆಡಿದ 205ನೆಯದು, ಕೊನೆಯದು. ಒಟ್ಟು 83 ಗೋಲು.

ಅದೇ ವರ್ಷದ ಡಿಸೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಕವಾಸಾಕಿಯಲ್ಲಿ 27ರಂದು ನಡೆದ ಎಂಪ್ರೆಸ್ ಕಪ್ ಫೈನಲ್ ಅವರ ಬದುಕಿನ ಕಡೆಯ ಪಂದ್ಯ. ನೀಗಾತಾದ ತಂಡದ ವಿರುದ್ಧ ಆಟ ಗೋಲಿಲ್ಲದೆ ಸಾಗಿತ್ತು. 78ನೆಯ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಸಾವಾ ತಲೆ ಕೊಟ್ಟರು. ಅದೊಂದೇ ಗೋಲು. ಈ ಕೊನೆಯನ್ನು ಕಥೆಗಾರರು ಬರೆದಿದ್ದರೆ ಅತಿಯಾಯಿತೆಂದು ನಾವೇ ಅನ್ನುತ್ತಿದ್ದೆವು.

ಅವರು ಮುಂದೆ ತಾಯಿಯಾದರು. 2021ರಲ್ಲಿ ಜಪಾನಿನಲ್ಲಿ ಮಹಿಳೆಯರಿಗೆ ಪೂರ್ಣ ವೃತ್ತಿಪರ ಲೀಗ್ ಆರಂಭವಾಯಿತು. ಆ ವರ್ಷದ ಮಾರ್ಚ್ 25ರಂದು, ಟೋಕಿಯೊ ಒಲಿಂಪಿಕ್ಸ್‌ನ ಜ್ಯೋತಿಯಾತ್ರೆ ಫುಕುಶಿಮಾದ ಅದೇ ಜೆ-ವಿಲೇಜ್‌ನಿಂದ ಹೊರಟಿತು. ಮೊದಲು ಓಡುವ ಗೌರವ 2011ರ ತಂಡಕ್ಕೆ ಸಂದಿತ್ತು. ಸಾಂಕ್ರಾಮಿಕದ ಕಾರಣ ನೋಡುವವರನ್ನು ಒಳಗೆ ಬಿಟ್ಟಿರಲಿಲ್ಲ. ಸಾವಾ ಬರಲಾಗಲಿಲ್ಲ, ಒಳಗಿವಿಯ ತೊಂದರೆಯಿಂದ ಹಿಂದೆ ಸರಿದಿದ್ದರು. ಬಿಳಿ ಉಡುಪಿನ ಗೆಳತಿಯರ ಗುಂಪಿನ ಮುಂದೆ ಜ್ಯೋತಿಯನ್ನು ಎತ್ತಿ ಹಿಡಿದು ಹೊರಟವರು ಅಜುಸಾ ಇವಾಶಿಮಿಜು.